ಹಿಂದಿನ ಸೀಟಿನವರು ಕಿರುಚಬಾರದು

ಬ್ರೇಕಕ್ಕನ ಸುದ್ದಿ ಸೂಜಿಯ ಕಿವಿಗೆ ಮೊದಲು ಬಿದ್ದದ್ದು ಒಂದು ಹರಿದ ಸೀಟು ಕವರಿನ ಜೊತೆಯಲ್ಲಿ. ಆಗ ಅವಳಿಗೆ ಸೂಜಿ ಎಂಬ ಹೆಸರಿನ್ನೂ ಬಿದ್ದಿರಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿ. ಕಾರಿನ ಸೀಟುಗಳಿಗೆ ಕವರು ಹೊಲಿಯುವ ಅಂಗಡಿಯಲ್ಲಿ ಗೋಡೆ ಪಕ್ಕದ ಮಿಷನ್ನು ಅವಳದು. ಒಂದು ಮಧ್ಯಾಹ್ನ ಉದ್ದನೆಯ ಯುವಕನೊಬ್ಬ ಕಂಕುಳಲ್ಲಿ ಕವರು ಇಟ್ಟುಕೊಂಡು ಬಂದು ಅವಳ ಮುಂದೆ ಹರಡಿದ. ಸವೆದದ್ದು ಓಡಿಸುವವರ ಸೀಟಿನ ಕವರಲ್ಲ, ಪಕ್ಕದ ಸೀಟಿನದು. ಮುಂದಿನ ಅಂಚು ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು.

“ಇದೇನ್ರೀ, ಪಕ್ಕದಲ್ಲಿ ಕೂತೋರು ಕುಸ್ತಿ ಆಡ್ತಾರಾ?” ಎಂದಳು.

“ಅಲ್ಲಿ ನಮ್ಮಕ್ಕ ಕೂರ್ತಾಳೆ. ಕಾರು ಕಲಿಸ್ತಾಳೆ. ಕಲಿಯೋರು ಸ್ಟೀರಿಂಗ್ ಹಿಡೀತಾರೆ, ಇವಳು ಪಕ್ಕದಲ್ಲಿ ಕೂತು ಬ್ರೇಕ್ ಒತ್ತುತಾಳೆ. ಅವಳ ಕಾಲ ಕೆಳಗೂ ಒಂದು ಬ್ರೇಕ್ ಇದೆ.”

“ಒಂದು ಕಾರಿಗೆ ಎರಡು ಬ್ರೇಕಾ?”

“ಎರಡು. ಮನೇಲೂ ಅಷ್ಟೇ. ಓಡೋರು ನಾವು, ನಿಲ್ಲಿಸೋಳು ಅವಳು.”

ಅಂಗಡಿ ಯಜಮಾನರು ಕತ್ತರಿ ಕೆಳಗಿಡದೆ ನಕ್ಕರು. “ಅಂಚಿಗೆ ಎರಡು ಹೊಲಿಗೆ ಹಾಕಮ್ಮ. ಆ ಮನೆಗೆ ಸೇರೋ ಹುಡುಗಿ ಗತಿ ನೆನಸ್ಕೊಂಡ್ರೆ ಅಯ್ಯೋ ಅನಿಸುತ್ತೆ.”

ಯಾಕೋ ಏನೋ ಸೂಜಿ ಕಾಣದ ಹೆಂಗಸಿಗೆ ಹೆದರಿ ಆ ಅಂಚಿಗೆ ಎರಡಲ್ಲ, ಮೂರು ಹೊಲಿಗೆ ಹಾಕಿದಳು. ವರ್ಷ ತುಂಬುವುದರೊಳಗೆ ಆ ಮನೆಗೆ ಸೇರಿದ ಹುಡುಗಿಯೂ ಅವಳೇ ಆದಳು.

ಮದುವೆಯಾದ ಮೂರನೆಯ ದಿನ ಬ್ರೇಕಕ್ಕ ತಮ್ಮನ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಪೇಟೆ ತೋರಿಸಲು ಹೊರಟಳು. ಸ್ಟೀರಿಂಗ್ ಹಿಡಿದವನು ಬ್ಯಾಂಕಿನ ಗುಮಾಸ್ತ, ಕಲಿಯಲು ಬಂದು ಆರನೆಯ ದಿನ. ಸಂದಿಯೊಂದರಿಂದ ಸೈಕಲ್ಲಿನವನೊಬ್ಬ ಅಡ್ಡ ಬಂದ. ಸೂಜಿ ಕಿಟಾರನೆ ಕಿರುಚಿದಳು. ಗುಮಾಸ್ತ ಬೆಚ್ಚಿಬಿದ್ದು ಕಾಲನ್ನು ಬ್ರೇಕಿನ ಬದಲು ಆಕ್ಸಿಲರೇಟರ್ ಮೇಲಿಟ್ಟ. ಕಾರು ಮುನ್ನುಗ್ಗಿತು, ಅಷ್ಟರಲ್ಲೇ ಗಕ್ಕನೆ ನಿಂತೂಬಿಟ್ಟಿತು. ಬ್ರೇಕಕ್ಕ ಒತ್ತಿದ್ದಳು. ಸೈಕಲ್ಲಿನವನು ಹಿಂತಿರುಗಿಯೂ ನೋಡದೆ ಹೋದ.

ಬ್ರೇಕಕ್ಕ ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಸಿಟ್ಟಿರಲಿಲ್ಲ, ಸಿಟ್ಟಿದ್ದರೇ ಚೆನ್ನಾಗಿತ್ತು.

“ಸೂಜಿ ಚುಚ್ಚಿದ ಹಾಗಾಯ್ತಲ್ಲೇ ಕಿವಿಗೆ. ನೋಡು, ನನ್ನ ಕಾರಲ್ಲಿ ಹಿಂದೆ ಕೂತೋರು ಕಿರುಚಬಾರದು. ನೀನು ಕಿರುಚಿದ್ರೆ ಮುಂದಿನೋನ ಕಾಲು ತಪ್ಪುತ್ತೆ. ಹೆದರಿಕೆ ಆದ್ರೆ ನುಂಗ್ಕೋ.”

“ಹೂಂ ಅತ್ತಿಗೆ.”

ಅವತ್ತಿನಿಂದ ಅವಳ ಹೆಸರು ಸೂಜಿ. ಅವತ್ತಿನಿಂದ ಅವಳು ನುಂಗಿಕೊಂಡೇ ಬಂದಳು.

ಬ್ರೇಕಕ್ಕನದು ಕುಳ್ಳು, ಗಟ್ಟಿ ದೇಹ. ಕಾಲಿಗೆ ಯಾವಾಗಲೂ ತೆಳು ಅಟ್ಟೆಯ ಕ್ಯಾನ್ವಾಸ್ ಬೂಟು. ಬಲಗಾಲಿನದು ಎಡಗಾಲಿನದಕ್ಕಿಂತ ಮೂರು ತಿಂಗಳು ಮೊದಲೇ ಸವೆಯುತ್ತಿತ್ತು. ಮದುವೆ ಆಗಲಿಲ್ಲ. ಕೇಳಿದವರಿಗೆ, “ಪಕ್ಕದಲ್ಲಿ ಕೂತು ಸಾಕಾಗಿದೆ, ಮನೇಲೂ ಕೂರ್ಲಾ?” ಎನ್ನುತ್ತಿದ್ದಳು. ಪಾಠ ಹೇಳುವಾಗ ಅವಳು ರಸ್ತೆ ನೋಡುತ್ತಿರಲಿಲ್ಲ. ಹೊಸಬರು ಇದನ್ನು ಕಂಡು ಗಾಬರಿಯಾಗುತ್ತಿದ್ದರು.

“ರಸ್ತೆ ನೀವು ನೋಡಿ, ಅದಕ್ಕೇ ತಾನೇ ಕಲಿಯೋಕೆ ಬಂದಿರೋದು? ನಾನು ನಿಮ್ಮ ಮೊಣಕಾಲು ನೋಡ್ತೀನಿ,” ಎನ್ನುವಳು. ಹೆದರಿದವರ ಮುಖಕ್ಕೆ ಹೆದರಿಕೆ ಗೊತ್ತಾಗುವ ಮೊದಲೇ ಮೊಣಕಾಲಿಗೆ ಗೊತ್ತಾಗಿ ಬಿಗಿಯುತ್ತದಂತೆ. ಅದು ಬಿಗಿದ ಗಳಿಗೆಯಲ್ಲೇ ಇವಳ ಕಾಲು ಬ್ರೇಕಿನ ಮೇಲೆ. ಮೂವತ್ತೊಂದು ವರ್ಷ ಹೀಗೇ ಕಲಿಸಿದಳು. ಡಾಕ್ಟರುಗಳು, ಬೇಕರಿಯವರು, ಇಬ್ಬರು ನ್ಯಾಯಾಧೀಶರು, ಒಬ್ಬ ಕಳ್ಳ. ಅವನು ಕಳ್ಳನೆಂದು ಆಮೇಲೆ ಪೇಪರಿನಲ್ಲಿ ಬಂದಾಗ, “ಮೊಣಕಾಲು ಒಂದು ದಿನವೂ ಬಿಗೀಲಿಲ್ಲ, ಆಗಲೇ ಅಂದ್ಕೊಂಡೆ,” ಎಂದಳು. ಅಷ್ಟು ವರ್ಷದಲ್ಲಿ ಒಬ್ಬರ ಚರ್ಮವೂ ತರಚಲಿಲ್ಲ.

ಸೂಜಿ ಮನೆಯಲ್ಲೇ ಮಿಷನ್ನು ಹಾಕಿಕೊಂಡಿದ್ದಳು. ಅವಳ ಗಂಡ ಒಂದು ಮಧ್ಯಾಹ್ನ ಅವಳ ಹೊಲಿಗೆಗೆ ರೆಕ್ಸಿನ್ ಅಳೆಯುತ್ತಿದ್ದಂತೆಯೇ ಟೇಪು ಕೈಯಲ್ಲಿ ಹಿಡಿದು ಕುಸಿದುಬಿಟ್ಟ. ಬಂದವರೆಲ್ಲ ಅತ್ತು ಹೋದರು. ಬ್ರೇಕಕ್ಕ ಮಾತ್ರ ಅಂಗಳದಲ್ಲಿ ನಿಂತ ಕಾರಿನ ಪಕ್ಕದ ಸೀಟಿನಲ್ಲಿ ಕೂತು, ನಿಂತ ಗಾಡಿಯ ಬ್ರೇಕನ್ನು ಒತ್ತಿ ಒತ್ತಿ ಬಿಡುತ್ತಿದ್ದಳು. ಆಮೇಲೆ ಆ ಮನೆಯಲ್ಲಿ ಉಳಿದವರು ಇಬ್ಬರೇ ಹೆಂಗಸರು. ಬೀದಿ ಕಡೆಯ ಕೋಣೆಯಲ್ಲಿ ಸೂಜಿಯ ಮಿಷನ್ನು, ಒಳಗೆ ಎರಡು ಮಂಚ, ಅಂಗಳದಲ್ಲಿ ಕಾರು.

ಹೀಗೆ ಒಂಬತ್ತು ವರ್ಷ ಕಳೆಯಿತು. ಆಮೇಲೆ ಬ್ರೇಕಕ್ಕನ ಕಣ್ಣು ಕೆಟ್ಟಿತು. ನೋಟದ ನಟ್ಟನಡುವೆ ಮಸಿ ಬಳಿದ ಹಾಗೆ ಒಂದು ಕಲೆ. ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಎದುರಿಗೆ ಬಂದವರ ಮುಖ ಕಾಣದು, ಪಕ್ಕದಲ್ಲಿ ನಿಂತವರ ಚಪ್ಪಲಿ ಕಾಣುವುದು. ಕಣ್ಣಿನ ಡಾಕ್ಟರು, “ಇದು ವಾಪಸ್ ಬರಲ್ಲ ಅಮ್ಮ, ಗಾಡಿ ಸಹವಾಸ ಬಿಡಿ,” ಎಂದರು. ಪಾಠ ನಿಂತಿತು. ಆದರೆ ಬೆಳಗಾದರೆ ಅವಳು ಗೋಡೆ ಸವರಿಕೊಂಡು ಹೋಗಿ ಕಾರಿನಲ್ಲಿ ಕೂರುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಅಂಗಳದಿಂದ ಎಂಜಿನ್ನಿನ ಸದ್ದು ಬಂತು. ಸೂಜಿ ಓಡಿ ಹೋಗಿ ನೋಡಿದರೆ ಬ್ರೇಕಕ್ಕ ಕೂತಿದ್ದದ್ದು ಪಕ್ಕದ ಸೀಟಿನಲ್ಲಲ್ಲ, ಸ್ಟೀರಿಂಗಿನ ಹಿಂದೆ! ಕಾರು ಒಂದು ಮೊಳ ಮುಂದೆ ಹೋಗಿ ನೀರಿನ ಡ್ರಮ್ಮಿಗೆ ಮೂಗು ತಾಗಿಸಿಕೊಂಡು ನಿಂತಿತ್ತು. ಡ್ರಮ್ಮಿನ ಆಚೆ ನಾಲ್ಕೇ ಹೆಜ್ಜೆಗೆ ಬೀದಿ.

“ಬ್ಯಾಟರಿ ಸಾಯಬಾರದು ಅಂತ ಸ್ವಲ್ಪ...” ಎಂದಳು ಬ್ರೇಕಕ್ಕ.

ಸೂಜಿ ಕೈ ಚಾಚಿ ಎಂಜಿನ್ ಆರಿಸಿದಳು. ನಾಳೆ ಗೇಟು ದಾಟಿದರೆ? ಬೀದಿಯಲ್ಲಿ ಮಕ್ಕಳಿರುತ್ತಾರೆ. ಕಿರುಚಲಿಲ್ಲ, ನುಂಗಿಕೊಂಡಳು. ಆದರೆ ಅವತ್ತಿನಿಂದ ಕಾರು ಮಾರೋಣವೆಂದು ದುಂಬಾಲು ಬಿದ್ದಳು. ತಿಂಗಳು ಕಳೆದ ಮೇಲೆ ಬ್ರೇಕಕ್ಕ ಹೂಂ ಎಂದಳು. ಮಾರಾಟದ ಫಾರಂ ತರಿಸಿ, ಗೆರೆಯ ಕೆಳಗೆ ಸ್ಕೇಲು ಇಡಿಸಿಕೊಂಡು ಸಹಿ ಹಾಕಿದಳು. ತಾರೀಖು ಖಾಲಿ ಬಿಟ್ಟಳು. “ನನ್ನ ಸಹಿ ನನಗೆ ಕಾಣೋವಾಗಲೇ ಹಾಕಿಟ್ಟಿರ್ತೀನಿ,” ಎಂದು ಅದನ್ನು ಕಾರಿನ ನೋಂದಣಿ ಪುಸ್ತಕ, ತನ್ನ ಗುರುತು ಚೀಟಿಯ ಜೊತೆ ತಗಡಿನ ಡಬ್ಬಿಯಲ್ಲಿಟ್ಟಳು.

ಹಳೆಯ ಶಿಷ್ಯೆಯೊಬ್ಬಳು ಫೋಟೋ ತೆಗೆದು ಫೋನಿನಲ್ಲಿ ಜಾಹೀರಾತು ಹಾಕಿಕೊಟ್ಟಳು. ಮೊದಲು ಬಂದವನು ಗುಜರಿಯವನು. ಕಾರನ್ನು ತಟ್ಟಿ ನೋಡಿ, ತೂಕಕ್ಕೆ ಕೊಡ್ತೀರಾ ಎಂದು ಕೇಳಿದ. ಬ್ರೇಕಕ್ಕ, “ನಿನ್ನನ್ನೂ ಹಾಗೇ ಕೊಳ್ಳೋರು ಸಿಗ್ತಾರೆ, ಹೋಗಪ್ಪ,” ಎಂದು ಕಳಿಸಿದಳು. ಎರಡನೆಯವನು ಬರಲೇ ಇಲ್ಲ, ಫೋನಿನಲ್ಲಿ ಅಕ್ಷರಗಳಾಗಿ ಬಂದ. ನಂಬರು ಸಮುದ್ರದಾಚೆಯ ದೇಶದ್ದು. ಬರೆದದ್ದು ಕನ್ನಡವೇ, ಆದರೆ ಯಾವುದೋ ಯಂತ್ರದ ಬಾಯಿಂದ ಉದುರಿದ ಹಾಗೆ. ಸೂಜಿ ಓದಿದ್ದು ನಾಲ್ಕನೆಯ ಕ್ಲಾಸು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: “ಗೌರವಾನ್ವಿತ ಮಹಿಳೆಯೇ, ತಮ್ಮ ವಾಹನವು ಇನ್ನೂ ಉಸಿರಾಡುತ್ತಿದೆಯೇ?”

“ನನಗಿಂತ ಚೆನ್ನಾಗಿ ಉಸಿರಾಡುತ್ತೆ ಅಂತ ಬರಿ,” ಎಂದಳು ಬ್ರೇಕಕ್ಕ.

ಎರಡು ದಿನ ಬರಹ ನಡೆಯಿತು. ಮೂರನೆಯ ದಿನ ಅವನು ಪುಸ್ತಕದ, ಯಜಮಾನಿಯ ಗುರುತು ಚೀಟಿಯ, ಸಹಿ ಮಾಡಿದ ಫಾರಮ್ಮಿನ ಫೋಟೋಗಳನ್ನು ಕೇಳಿದ. ಗಾಡಿಯನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ತನ್ನ ದೇಶದ ಸುಂಕದವರನ್ನು ವಿಚಾರಿಸಬೇಕಂತೆ. ಬ್ರೇಕಕ್ಕ ಸ್ನಾನಕ್ಕೆ ಹೋಗಿದ್ದಳು. ಕೇಳಿದರೆ ಬೇಡ ಎನ್ನುತ್ತಾಳೆ, ಕೊಳ್ಳುವವನು ಕೈಬಿಡುತ್ತಾನೆ, ಕಾರು ಅಂಗಳದಲ್ಲೇ ಉಳಿಯುತ್ತದೆ, ಇವಳು ಒಂದು ಬೆಳಿಗ್ಗೆ ಗೇಟು ದಾಟುತ್ತಾಳೆ. ಸೂಜಿಯ ಲೆಕ್ಕ ಇಷ್ಟೇ. ಡಬ್ಬಿ ತೆರೆದು ಮೂರೂ ಕಾಗದಗಳನ್ನು ಕಿಟಕಿಯ ಬೆಳಕಿಗಿಟ್ಟು ಫೋಟೋ ತೆಗೆದು ಕಳಿಸಿ, ಇದ್ದ ಹಾಗೆ ಮುಚ್ಚಿಟ್ಟಳು.

ಸಂಜೆ ಎದುರು ಅಂಗಡಿಯ ಚಾವಿಯಣ್ಣ ಬಂದ. ಬೀಗದ ಕೈ ಮಾಡುವುದು ಅವನ ಕೆಲಸ, ಊರಿಗೆಲ್ಲ ಹೆದರಿಕೆ ಹಂಚುವುದು ಹವ್ಯಾಸ. ಕಾರನ್ನು ಪರದೇಶದವನು ಕೇಳಿದ್ದಾನೆ ಎಂದದ್ದೇ ತಡ, ಸ್ಟೂಲು ಎಳೆದುಕೊಂಡ.

“ಅಲ್ಲಮ್ಮ, ಅವರ ದೇಶದಲ್ಲಿ ಗಾಡಿ ಓಡೋದು ರಸ್ತೆಯ ಬಲ ಮಗ್ಗುಲಲ್ಲಿ. ಸ್ಟೀರಿಂಗ್ ಎಡಕ್ಕಿರುತ್ತೆ. ನಮ್ಮ ಹಾಗೆ ಬಲಕ್ಕೆ ಸ್ಟೀರಿಂಗ್ ಇರೋ ಹಳೇ ಕಾರು ಅವನಿಗ್ಯಾಕೆ? ಅವನಿಗೆ ಬೇಕಿರೋದು ಕಾರಲ್ಲ, ಪುಸ್ತಕ. ನಮ್ಮ ಷಡ್ಡಕ ಹೀಗೇ ವ್ಯಾನ್ ಮಾರಿದ. ಸಹಿ ಮಾಡಿದ ಕಾಗದ, ತಾರೀಖು ಖಾಲಿ. ಗಡಿ ಹತ್ರ ವ್ಯಾನ್ ಸಿಕ್ತು, ತಳದಲ್ಲಿ ಏನೇನೋ ತುಂಬಿದ್ರಂತೆ. ಓಡಿಸ್ತಿದ್ದೋನು ಪರಾರಿ. ಪೊಲೀಸ್ರು ಯಾರ ಮನೆಗೆ ಬಂದ್ರು ಹೇಳು? ಪುಸ್ತಕದಲ್ಲಿ ಯಾರ ಹೆಸರಿತ್ತೋ ಅವರ ಮನೆಗೆ. ಎಂಟು ತಿಂಗಳು ಒಳಗಿದ್ದ.”

“ಬರೀ ಫೋಟೋ ಕೊಟ್ರೆ ಏನಾಗುತ್ತೆ ಅಣ್ಣ?” ಸೂಜಿ ದಾರ ಪೋಣಿಸುತ್ತಾ ಕೇಳಿದಳು. ದಾರ ತೂತಿಗೆ ಹೋಗಲೇ ಇಲ್ಲ.

“ಫೋಟೋ ಕೊಟ್ರೆ ಕೈ ಕೊಟ್ಟ ಹಾಗೇ, ಬೇಡಿಗೆ. ಯಾಕೆ, ಕೊಟ್ಟಿದೀಯಾ?”

“ಅಯ್ಯೋ, ಇಲ್ಲಪ್ಪ.”

ಅಲ್ಲಿಂದ ನಾಲ್ಕು ದಿನ ಅವಳಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ, ಬ್ರೇಕಕ್ಕ ಗೋಡೆ ಸವರಿಕೊಂಡು ಠಾಣೆಯ ಮೆಟ್ಟಿಲು ಹತ್ತುವುದು ಕಾಣುತ್ತಿತ್ತು. ಕ್ಯಾನ್ವಾಸ್ ಬೂಟು ಮೆಟ್ಟಿಲಿಗೆ ಎಡವುವುದೂ ಕಾಣುತ್ತಿತ್ತು. ಬೀದಿಯಲ್ಲಿ ಬೂಟಿನ ಸದ್ದಾದರೆ ಮಿಷನ್ನಿನ ಮೇಲಿಟ್ಟ ಕಾಲು ನಿಂತುಬಿಡುವುದು, ಸದ್ದು ದಾಟಿದ ಮೇಲೆ ಮತ್ತೆ ತುಳಿಯುವುದು. ಹೇಳಿಬಿಡೋಣವೆಂದು ಎರಡು ಸಲ ಮಂಚದ ಹತ್ತಿರ ಹೋದಳು. ಒಂದು ಸಲ, “ಅತ್ತಿಗೆ, ನೀರು ಬೇಕಾ?” ಎಂದು ಕೇಳಿ ಬಂದಳು. ಇನ್ನೊಂದು ಸಲ ಅದನ್ನೂ ಕೇಳಲಿಲ್ಲ. ಅತ್ತ ಫೋನಿನವನೂ ಸುಮ್ಮನಾಗಿದ್ದ. ಕಾಗದ ಸಿಕ್ಕಿತು, ಇನ್ನೇಕೆ ಬರೆಯುತ್ತಾನೆ?

ಈ ನಡುವೆ ಮೆಕ್ಯಾನಿಕ್ಕು ಬಂದು ಪಕ್ಕದ ಸೀಟಿನ ಬ್ರೇಕನ್ನು ಕಳಚಿದ. ಪಾಠದ ಗಾಡಿಯನ್ನು ಮನೆಬಳಕೆಯ ಗಾಡಿಯೆಂದು ಬರೆಸದೆ ಮಾರುವಂತಿಲ್ಲ, ಹಾಗೆ ಬರೆಸಬೇಕಾದರೆ ಎರಡನೆಯ ಬ್ರೇಕು ಇರುವಂತಿಲ್ಲ. ಅವನು ಬಿಚ್ಚಿಕೊಟ್ಟ ಕಬ್ಬಿಣದ ತುಂಡನ್ನು ಬ್ರೇಕಕ್ಕ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರುತ್ತಿದ್ದಳು. ತೂತು ಬಿದ್ದ ಜಾಗಕ್ಕೆ ಸೂಜಿ ರೆಕ್ಸಿನ್ ಚಾಪೆ ಹೊಲಿದು ಹಾಸಿದಳು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ, ಕೆಂಪು ಮುಖದ, ಬೆನ್ನು ಬಾಗಿದ ಪರದೇಶದ ಮನುಷ್ಯ. ಕೈಯಲ್ಲಿ ಆ ಮೂರು ಫೋಟೋಗಳ ಪ್ರತಿ! ಸೂಜಿ ಅವನ ಕೈಯಿಂದ ಕಾಗದಗಳನ್ನು ಕಿತ್ತು ಚೀಲಕ್ಕೆ ತುರುಕಿದಳು. ಪಾಪ, ಇಲ್ಲಿನ ಮರ್ಯಾದೆಯೇ ಹೀಗಿರಬೇಕೆಂದುಕೊಂಡನೋ ಏನೋ, ಅವನು ಬಗ್ಗಿ ಕೈ ಮುಗಿದ. ಹಿಂದೆ ಎರಡು ವರ್ಷ ಇಲ್ಲಿನ ಬಂದರಿನಲ್ಲಿ ದುಡಿದಿದ್ದನಂತೆ, ಕನ್ನಡ ತಡವರಿಸಿ ಬರುತ್ತಿತ್ತು.

“ಅಮ್ಮ, ನಾನು ಓಡಿಸಿ ನೋಡ್ತೀನಿ, ಆಗುತ್ತಾ?”

“ಆಗುತ್ತೆ. ಆದ್ರೆ ಪಕ್ಕದಲ್ಲಿ ನಾನು ಕೂರ್ತೀನಿ,” ಎಂದಳು ಬ್ರೇಕಕ್ಕ.

ಸೂಜಿ ಹಿಂದೆ ಕೂತಳು. ತಗಡಿನ ಡಬ್ಬಿ ಚೀಲದಲ್ಲಿ, ಚೀಲ ಮಡಿಲಲ್ಲಿ, ಎರಡೂ ಕೈ ಅದರ ಮೇಲೆ. ಇವನು ಎಲ್ಲಿಗಾದರೂ ಕರೆದೊಯ್ದು ಕಿತ್ತುಕೊಂಡರೆ ಎಂಬುದೇ ಅವಳ ಯೋಚನೆ. ಬೀದಿಯಲ್ಲಿ ಎರಡು ಕಡೆಯೂ ಗಾಡಿಗಳು ನಿಂತಿದ್ದವು, ನಡುವೆ ಒಂದೇ ಗಾಡಿಗೆ ದಾರಿ. ಅವನು ಚೆನ್ನಾಗಿಯೇ ಓಡಿಸಿದ. ಬ್ರೇಕಕ್ಕ ಅಭ್ಯಾಸದಂತೆ ತಲೆ ವಾಲಿಸಿ, ಕಣ್ಣಂಚಿನಿಂದ ಅವನ ಮೊಣಕಾಲು ನೋಡುತ್ತಿದ್ದಳು. ರಸ್ತೆ ಅವಳಿಗೆ ಬರೀ ಮಸಿ.

“ಮೊಣಕಾಲು ಸಡಿಲವಾಗಿದೆ. ಒಳ್ಳೇ ಕೈ,” ಎಂದಳು ತನಗೇ ಹೇಳಿಕೊಂಡಂತೆ.

ನಾಲ್ಕು ರಸ್ತೆ ಕೂಡುವಲ್ಲಿ ಅವನು ತಿರುಗಿಸಿದ. ತಿರುಗಿಸಿ, ತನ್ನ ದೇಶದ ಮಗ್ಗುಲಿಗೆ ಹೋದ. ಇಪ್ಪತ್ತು ವರ್ಷದ ಅಭ್ಯಾಸ ಅವನ ಕೈಯನ್ನು ಅತ್ತಲೇ ಎಳೆದಿತ್ತು. ತಪ್ಪೆಂಬ ಅರಿವೇ ಅವನಿಗಿರಲಿಲ್ಲ. ಅರಿವಿಲ್ಲದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಮೊಣಕಾಲು ಸಡಿಲವಾಗಿಯೇ ಇತ್ತು. ಬ್ರೇಕಕ್ಕ ಆರಾಮವಾಗಿಯೇ ಕೂತಿದ್ದಳು. ಎದುರಿನಿಂದ, ಇಳಿಜಾರಿನಲ್ಲಿ, ತುಂಬಿದ ನೀರಿನ ಟ್ಯಾಂಕರು ಬರುತ್ತಿತ್ತು. ಅದು ತಮ್ಮ ಮೇಲೇ ಬರುತ್ತಿದೆಯೆಂದು ಹೊಳೆದದ್ದು ಸೂಜಿಯೊಬ್ಬಳಿಗೇ.

ಬಾಯಿ ತೆರೆದಳು. ಸದ್ದು ಬರಲಿಲ್ಲ. ಹಿಂದೆ ಕೂತೋರು ಕಿರುಚಬಾರದು. ಕಿರುಚಿದರೆ ಮುಂದಿನವನ ಕಾಲು ತಪ್ಪುತ್ತದೆ. ಟ್ಯಾಂಕರಿನ ಹಾರ್ನು ಕೂಗಿತು. ಅದರ ಮುಂಭಾಗದ ಜಾಲರಿಯ ಒಂದೊಂದು ಕಡ್ಡಿಯೂ ಕಾಣುತ್ತಿತ್ತು.

“ಅತ್ತಿಗೇ! ಬ್ರೇಕ್!”

ಬ್ರೇಕಕ್ಕನ ಕಾಲು ಸಿಡಿದು ಮುಂದಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ನಿನ್ನೆಯಷ್ಟೇ ಕಳಚಿಸಿದ್ದನ್ನು ಅವಳ ಕಾಲು ಮರೆತಿತ್ತು. ಬೂಟು ಚಾಪೆಗೆ ಬಡಿದು ಜಾರಿತು. ಮತ್ತೆ ಒತ್ತಿದಳು, ಮತ್ತೆ ಬರಿ ನೆಲ. ಆ ಕ್ಷಣ ಅವಳ ಬಾಯಿಂದ ಹೊರಟ ಸಣ್ಣ ಸದ್ದನ್ನು ಸೂಜಿ ಹಿಂದೆಂದೂ ಕೇಳಿರಲಿಲ್ಲ. ಮರುಕ್ಷಣ ಬ್ರೇಕಕ್ಕ ನಡುವಿನ ಕೈಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅವನೂ ಅಷ್ಟರಲ್ಲಿ ಎಚ್ಚೆತ್ತು ತುಳಿದ. ಕಾರು ಕಿರ್ರೆಂದು ಅರ್ಧ ಸುತ್ತು ತಿರುಗಿ, ಪಾದಚಾರಿ ಕಟ್ಟೆಗೆ ಚಕ್ರ ಒರಗಿಸಿ ನಿಂತಿತು. ಟ್ಯಾಂಕರು ಗೇಣಿನ ಅಂತರದಲ್ಲಿ ನಿಂತಿತ್ತು. ನೀರು ತುಳುಕಿ ಕಾರಿನ ಗಾಜಿನ ಮೇಲೆ ಸುರಿಯಿತು.

“ಯಾವ ಲೋಕದಿಂದ ಬಂದೆಯಯ್ಯಾ ನೀನು? ಇದೇನು ನಿಮ್ಮಪ್ಪನ ಅಂಗಳವಾ?” ಟ್ಯಾಂಕರಿನವನು ಬೈದು, ಕಾರನ್ನು ಬಳಸಿಕೊಂಡು ಹೋದ.

ಪರದೇಶದವನು ಸ್ಟೀರಿಂಗಿನ ಮೇಲೆ ತಲೆಯಿಟ್ಟಿದ್ದ. ಈಗ ಮೊಣಕಾಲು ಬಿಗಿದಿತ್ತು. ಸೂಜಿಯ ಬಾಯಿ ಒಮ್ಮೆ ತೆರೆದದ್ದು ಇನ್ನು ಮುಚ್ಚುವ ಹಾಗಿರಲಿಲ್ಲ. ಅಳುತ್ತಾ ಎಲ್ಲ ಹೇಳಿಬಿಟ್ಟಳು. ಡಬ್ಬಿ ತೆರೆದದ್ದು, ಫೋಟೋ ಕಳಿಸಿದ್ದು, ಚಾವಿಯಣ್ಣನ ಷಡ್ಡಕ, ಬೇಡಿ, ಠಾಣೆಯ ಮೆಟ್ಟಿಲು.

ಬ್ರೇಕಕ್ಕನ ಕೈ ಇನ್ನೂ ಕೈಬ್ರೇಕಿನ ಮೇಲೇ ಇತ್ತು. “ನಾಲ್ಕು ದಿನದಿಂದ ನಿನ್ನ ಮಿಷನ್ನು ಕುಂಟ್ತಾ ಇತ್ತು. ಏನೋ ನುಂಗಿದೀಯ ಅಂತ ಗೊತ್ತಿತ್ತು,” ಎಂದಳು. ಕೈಬ್ರೇಕಿನಿಂದ ಕೈ ತೆಗೆದು, “ನುಂಗೋಕೆ ಕಲಿಸಿದೋಳು ನಾನೇ. ನಿನ್ನನ್ನ ಏನಂತ ಬೈಲಿ?” ಎಂದಳು.

ಆಮೇಲೆ ಪರದೇಶದವನ ಕಡೆ ತಿರುಗಿ, “ಏನಪ್ಪ, ನಿಜ ಹೇಳು. ಈ ಕಡೆ ಸ್ಟೀರಿಂಗ್ ಇರೋ ಗಾಡಿ ನಿನಗ್ಯಾಕೆ?” ಎಂದು ಕೇಳಿದಳು.

“ನಾನು ಅಂಚೆ ಮನುಷ್ಯ, ಅಮ್ಮ,” ಎಂದ ಅವನು, ಕೆನ್ನೆ ಒರೆಸಿಕೊಳ್ಳುತ್ತಾ. “ನಮ್ಮ ಗುಡ್ಡದಲ್ಲಿ ಮನೆ ದೂರ ದೂರ. ಪೆಟ್ಟಿಗೆ ರಸ್ತೆ ಅಂಚಿಗೆ. ನಮ್ಮ ಗಾಡಿಯಲ್ಲಿ ನಾನು ರಸ್ತೆ ನಡುವೆ ಕೂರ್ತೀನಿ. ಪ್ರತಿ ಮನೆಗೆ ಇಳೀಬೇಕು, ಸುತ್ತಬೇಕು, ಹತ್ತಬೇಕು. ದಿನಕ್ಕೆ ಇನ್ನೂರು ಸಲ. ಬೆನ್ನು ಹೋಯ್ತು. ಈ ಗಾಡಿಯಲ್ಲಿ ನಾನು ಅಂಚಿಗೆ ಕೂರ್ತೀನಿ. ಕೈ ಚಾಚಿದ್ರೆ ಪೆಟ್ಟಿಗೆ.”

ಬ್ರೇಕಕ್ಕ ಅವನ ಬಾಗಿದ ಬೆನ್ನನ್ನು ಕೈಯಿಂದ ಮುಟ್ಟಿ ನೋಡಿದಳು. “ಹಾಗಾದ್ರೆ ಗಾಡಿ ನಿನ್ನದೇ. ಆದ್ರೆ ಬಂದರಿನವರೆಗೆ ನೀನು ಮುಟ್ಟಬೇಡ, ಮೆಕ್ಯಾನಿಕ್ಕು ಓಡಿಸ್ತಾನೆ. ಮೊದಲು ಕಚೇರಿಗೆ ಹೋಗೋಣ. ನನ್ನ ಹೆಸರು ಹೊಡೆದುಹಾಕಿದ ಮೇಲೇ ಚಾವಿ.”

ಕಚೇರಿಯಲ್ಲಿ ಗುಮಾಸ್ತರ ಎದುರು ಬ್ರೇಕಕ್ಕ ಚಾವಿಯನ್ನು ಮುಷ್ಟಿಯಲ್ಲಿಟ್ಟುಕೊಂಡೇ ನಿಂತಿದ್ದಳು. ಹೊಸ ಹೆಸರನ್ನು ಸೂಜಿ ಅಕ್ಷರ ಅಕ್ಷರ ಓದಿ ಹೇಳಿದ ಮೇಲೆ ಮುಷ್ಟಿ ಬಿಚ್ಚಿದಳು. ಆದರೂ ಗಾಡಿ ಆ ದೇಶ ಮುಟ್ಟಿ, ಅಲ್ಲಿಂದ ಕಾಗದ ಬರುವವರೆಗೆ ಹಳೆಯ ಪುಸ್ತಕ ಪೂರ್ತಿ ರದ್ದಾಗುವುದಿಲ್ಲ ಎಂದರು ಗುಮಾಸ್ತರು. ಆ ನಲವತ್ತು ದಿನ ಸೂಜಿ ಪ್ರತಿ ಬೂಟಿನ ಸದ್ದಿಗೂ ಬೆಚ್ಚಿದಳು. ಒಂದು ವ್ಯತ್ಯಾಸವೆಂದರೆ ಈಗ, “ಅತ್ತಿಗೆ, ನನಗೆ ಹೆದರಿಕೆ ಆಗ್ತಿದೆ,” ಎಂದು ಬಾಯಿ ಬಿಟ್ಟು ಹೇಳುತ್ತಿದ್ದಳು. “ನನಗೂ ಕಣೇ,” ಎನ್ನುತ್ತಿದ್ದಳು ಬ್ರೇಕಕ್ಕ. ಕೊನೆಗೆ ಕಾಗದ ಬಂತು, ಜೊತೆಗೊಂದು ಫೋಟೋ. ಗುಡ್ಡದ ರಸ್ತೆ, ಅದೇ ಕಾರು, ಕಿಟಕಿಯಿಂದ ಚಾಚಿದ ಒಂದು ಕೈ. ಸೂಜಿ ಮೂರು ಹೊಲಿಗೆ ಹಾಕುತ್ತಾ ಬಂದಿದ್ದ ಪಕ್ಕದ ಸೀಟಿನ ಮೇಲೆ ಅಂಚೆಯ ಚೀಲ ಕೂತಿತ್ತು.

ಅದಾಗಿ ಎರಡು ವರ್ಷಕ್ಕೆ ಒಂದು ಬೆಳಿಗ್ಗೆ ಬ್ರೇಕಕ್ಕನಿಗೆ ಎದೆ ಹಿಡಿದುಕೊಂಡಿತು. ಆಂಬುಲೆನ್ಸ್ ಬಂತು. ಡ್ರೈವರು ಅವಸರದವನು, ಎಂಜಿನ್ ಆರಿಸದೆ ಹಾರ್ನು ಹೊಡೆಯುತ್ತಿದ್ದ. ಸೂಜಿ ಹಿಂದಿನಿಂದ ಹತ್ತಿ ಬ್ರೇಕಕ್ಕನ ಕೈ ಹಿಡಿದುಕೊಂಡು ಕೂರಲು ಹೋದಳು. ಹೊದಿಕೆಯ ಕೆಳಗೆ ಬ್ರೇಕಕ್ಕನ ಬಲಗಾಲು ಏನನ್ನೋ ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು. ಅಷ್ಟು ಹೆದರಿದ ಅತ್ತಿಗೆಯನ್ನು ಸೂಜಿ ಎಂದೂ ಕಂಡಿರಲಿಲ್ಲ.

“ಹಿಂದೆ ಬೇಡ,” ಎಂದಳು ಬ್ರೇಕಕ್ಕ. “ಮುಂದೆ ಹೋಗಿ ಅವನ ಪಕ್ಕ ಕೂತ್ಕೋ.”

“ನಿಮ್ಮ ಹತ್ರ ಯಾರಿರ್ತಾರೆ ಅತ್ತಿಗೆ?”

“ನರ್ಸ್ ಇದಾಳಲ್ಲ. ನನಗೆ ರಸ್ತೆ ಕಾಣಲ್ಲ ಸೂಜಿ, ನೀನು ನೋಡ್ತಾ ಇರು. ಅವನ ಮೊಣಕಾಲು ನಂಬಬೇಡ. ಏನಾದ್ರೂ ಎದುರು ಬಂದ್ರೆ ಅವತ್ತಿನ ಹಾಗೆ ಕಿರುಚು.”